ಹದಿನಾರು ಮರದ ಮೆಣಸು

ಧನ್ಯಾ, ತೇಜು, ನೀವು ನನ್ನ ಮನೆಗೆ ಬಂದ ದಿನ ನಿಮ್ಮ ಅಮ್ಮನ ಕೈಯಲ್ಲಿ ಎರಡು ಬಟ್ಟೆಯ ಚೀಲ, ತೇಜುವಿನ ಕೈಯಲ್ಲಿ ಬಣ್ಣದ ಪೆನ್ಸಿಲ್ಲಿನ ಡಬ್ಬಿ, ಧನ್ಯಾಳ ಹೆಗಲ ಮೇಲೆ ಹಾಕಿ ಸ್ಟಿಕ್ಕು ಇದ್ದವು. ಧನ್ಯಾಗೆ ಆಗ ಒಂಬತ್ತು, ತೇಜುವಿಗೆ ನಾಲ್ಕು. ಆಮೇಲಿನ ಮೂರು ವರ್ಷದ ಕತೆಯನ್ನು ನಿಮ್ಮ ಅಮ್ಮ ಒಂದು ಥರ ಹೇಳುತ್ತಾಳೆ, ನಿಮ್ಮ ಅಪ್ಪ ಇನ್ನೊಂದು ಥರ ಹೇಳುತ್ತಾನೆ. ನಾನು ಹೇಳಿದವಳೇ ಅಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದು ನನಗೆ ಈಗಲೂ ಆಗದ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮದುವೆಯಾದ ಮೇಲೆ ಮಾತೆಲ್ಲ ನಿಮ್ಮ ತಾತನೇ ಆಡಿದರು, ಅವರು ಹೋದ ಮೇಲೆ ಮಾತೂ ಹೋಯಿತು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಿಡಿದೇ ಬರೆಯುತ್ತೇನೆ. ‘ನೀನು’ ಎಂದು ಬರೆದರೆ ಯಾರನ್ನು ಹೇಳಿದ್ದು ಎಂದು ನಿಮ್ಮಿಬ್ಬರಿಗೂ ಜಗಳ ಹತ್ತುತ್ತದೆ. ಇದರಲ್ಲಿ ಸಿಟ್ಟಿದೆ. ಸಿಟ್ಟು ತೆಗೆದು ಬರೆಯಲು ಎರಡು ಸಲ ಕೂತೆ, ಆಗಲಿಲ್ಲ.

ಶನಿವಾರಸಂತೆಯ ನಮ್ಮ ಮನೆ ನಿಮಗೆ ಗೊತ್ತಿದ್ದದ್ದೇ. ಮುಂದೆ ಒಂದು ಜಗಲಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಸುವಿನ ಕೊಟ್ಟಿಗೆ. ಒಬ್ಬಳೇ ಇದ್ದಾಗ ಆ ಮನೆ ನನಗೆ ದೊಡ್ಡದಾಗಿತ್ತು. ನೀವು ಮೂವರು ಬಂದ ಮೇಲೆ ಗೋಡೆಗಳು ಹತ್ತಿರ ಬಂದವು. ತೇಜು ಅಕ್ಕಿಡಬ್ಬದ ಮೇಲೆ ಕೂತು ಚಿತ್ರ ಬರೆಯುತ್ತಿದ್ದ. ಧನ್ಯಾ ಕೊಟ್ಟಿಗೆಯ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು, ಹಸು ಬೆಚ್ಚಿ ಹಾಲು ಎಳೆದುಕೊಳ್ಳುತ್ತಿತ್ತು. ನಾನು ಗದರಿಸಲಿಲ್ಲ. ಆ ಚೆಂಡಿನ ಸದ್ದು ಇದ್ದಷ್ಟು ಹೊತ್ತು ಆ ಹುಡುಗಿ ಅಳುತ್ತಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಆಯುಧಪೂಜೆಯಲ್ಲಿ ಕತ್ತಿ, ಕುಡುಗೋಲು, ಗುದ್ದಲಿಯ ಸಾಲಿಗೆ ಸ್ಟಿಕ್ಕನ್ನೂ ಇಟ್ಟು ಅವಳೇ ಕುಂಕುಮ ಹಚ್ಚಿದಳು. ತೇಜು ತನ್ನ ಡಬ್ಬಿಯನ್ನೂ ತಂದಿಟ್ಟು ಪ್ರತಿ ಪೆನ್ಸಿಲ್ಲಿಗೂ ಒಂದೊಂದು ಬೊಟ್ಟಿಟ್ಟ. ನಿಮ್ಮ ಅಮ್ಮ ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದಳು. ಹಾಲು ಮಾರಿದ್ದು ನನ್ನದು, ಸಂಬಳ ಅವಳದು. ಊಟಕ್ಕೆ ಕೊರತೆಯಾಗಲಿಲ್ಲ.

ನಿಮ್ಮ ಅಪ್ಪ ಅಮ್ಮನಿಗೆ ಕೋರ್ಟಿನಲ್ಲಿ ಬಿಡುಗಡೆಯಾದಾಗ ಒಂದು ಕಾಗದ ಕೊಟ್ಟರು. ಮಕ್ಕಳ ಊಟ, ಬಟ್ಟೆ, ಶಾಲೆ ಫೀಸಿಗೆ ಲೋಹಿತ್, ಅಂದರೆ ನಿಮ್ಮ ಅಪ್ಪ, ತಿಂಗಳಿಗೆ ಇಷ್ಟು ಕೊಡಬೇಕು ಎಂದಿತ್ತು. ಅದನ್ನು ಅವನು ಕೊಟ್ಟ, ಅದರ ಬಗ್ಗೆ ನನ್ನ ದೂರಿಲ್ಲ. ಅದರ ಕೆಳಗೆ ಒಂದು ಸಾಲಿತ್ತು: ‘ಪಠ್ಯೇತರ ಚಟುವಟಿಕೆಗಳ ಖರ್ಚನ್ನು ಉಭಯತರೂ ಸಮವಾಗಿ ಭರಿಸತಕ್ಕದ್ದು.’ ಬರೆದವರಿಗೆ ಅದು ಒಂದು ಸಾಲು. ನಮ್ಮ ಮನೆಗೆ ಅದು ದಿನನಿತ್ಯದ ಜಗಳವಾಯಿತು. ಧನ್ಯಾಳ ಹಾಕಿ ಕಲಿಸುವ ಮೇಷ್ಟ್ರು ದಿನಕ್ಕೆ ಎರಡು ಮೊಟ್ಟೆ, ಒಂದು ಲೋಟ ಹಾಲು ಕೊಡಿ ಎಂದರು. ಹಾಲು ಮನೆಯಲ್ಲಿತ್ತು. ಮೊಟ್ಟೆಯ ಅರ್ಧ ದುಡ್ಡು ಕೇಳಿ ನಿಮ್ಮ ಅಮ್ಮ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಹಾಕಿದ್ದಳು, ಇಡೀ ಮನೆ ಕೇಳಿತು.

“ಮೊಟ್ಟೆ ಊಟ ಕಣೇ ಸವಿತಾ. ಊಟದ ದುಡ್ಡು ತಿಂಗಳಾ ತಿಂಗಳಾ ಹಾಕ್ತಾ ಇಲ್ವಾ?”

“ಆಟ ಆಡ್ದೆ ಇದ್ರೆ ಯಾರು ದಿನಾ ಎರಡು ಮೊಟ್ಟೆ ತಿಂತಾರೆ? ನೀನು ತಿಂತೀಯಾ?”

“ನಿಮ್ಮಮ್ಮ ಇಡೋ ಸಾರಿಗೆ ಮೊಟ್ಟೆ ಹಾಕಿದ್ರೆ ಅದು ಊಟ. ಗ್ರೌಂಡಲ್ಲಿ ಒಡೆದು ಕುಡಿದ್ರೆ ಆಟ. ಹಂಗಾರೆ ಅರ್ಧ ಕೊಡ್ತೀನಿ, ಫೋಟೋ ಕಳ್ಸು.”

ತೇಜು ಜೋರಾಗಿ ನಕ್ಕ. ಧನ್ಯಾ ನಗಲಿಲ್ಲ, ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಸರಿಸಿ ಎದ್ದಳು. ನಾನು ಮುಂದಿನ ಸಂತೆಯಲ್ಲಿ ಎರಡು ನಾಟಿ ಕೋಳಿ ತಂದು ಆ ಜಗಳ ಮುಗಿಸಿದೆ. ಆದರೆ ಬೂಟು ಹರಿದರೆ ಕೋಳಿ ಬೂಟು ಇಡುವುದಿಲ್ಲ. ಕಾಲಿಗೆ ಕಟ್ಟುವ ಪ್ಯಾಡು, ಮಡಿಕೇರಿಯ ಮ್ಯಾಚಿಗೆ ಜೀಪಿನ ಬಾಡಿಗೆ, ತೇಜುವಿನ ಡ್ರಾಯಿಂಗ್ ಕ್ಲಾಸು, ಎಲ್ಲಕ್ಕೂ ಅದೇ ಪ್ರಶ್ನೆ: ಇದು ಶಾಲೆಯದ್ದೋ, ಊಟದ್ದೋ, ಆ ಉದ್ದ ಹೆಸರಿನದ್ದೋ? ನನಗೆ ಫೋನು ಹಿಡಿದು ಕೂಗಬೇಕೆನಿಸುತ್ತಿತ್ತು. ಒಲೆಗೆ ಸೌದೆ ತುರುಕುತ್ತಿದ್ದೆ.

ದುಡ್ಡಿಗಿಂತ ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ಭಾನುವಾರ ಬೆಳಿಗ್ಗೆ ಲೋಹಿತ್ ಬೈಕಿನಲ್ಲಿ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ನಿಲ್ಲುತ್ತಿದ್ದ, ನಿಮ್ಮಿಬ್ಬರನ್ನೂ ತೋಟದ ಮನೆಗೆ ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತಿದ್ದ. ಶನಿವಾರ ಸಂಜೆಯೇ ನಿಮ್ಮ ಅಮ್ಮ ಧನ್ಯಾಳ ತಲೆಗೆ ಎಣ್ಣೆ ಹಚ್ಚುತ್ತಾ ಶುರು ಮಾಡುತ್ತಿದ್ದಳು.

“ಬೂಟಿನ ವಿಷಯ ಕೇಳು. ಹೋದ ತಕ್ಷಣ ಕೇಳ್ಬೇಡ, ಊಟ ಆದ್ಮೇಲೆ ಕೇಳು. ನಿಮ್ಮಪ್ಪನ ಮುಖ ನೋಡ್ಕೊಂಡು ಕೇಳು. ನಾನು ಹೇಳ್ದೆ ಅನ್ಬೇಡ.”

ಅಲ್ಲಿ ನನ್ನ ಬೀಗಿತ್ತಿ, ಲೋಹಿತನ ಅಮ್ಮ ಕಾವೇರಮ್ಮ, ಅದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಯಾರು ಹೇಳಿ ಕಳ್ಸಿದ್ದು ಇದನ್ನ, ನಿಜ ಹೇಳು’ ಎನ್ನುತ್ತಿದ್ದರಂತೆ. ಸಂಜೆ ಇಲ್ಲಿ ಬಂದು ಚಪ್ಪಲಿ ಬಿಡುವ ಮೊದಲೇ ‘ಕೇಳಿದ್ಯಾ?’ ಎಂಬ ಪ್ರಶ್ನೆ. ಊಟ ಮಾಡಿದ್ಯಾ ಎಂದು ಯಾರೂ ಕೇಳುತ್ತಿರಲಿಲ್ಲ. ಭಾನುವಾರ ಬಂತೆಂದರೆ ಧನ್ಯಾಗೆ ಹೊಟ್ಟೆನೋವು ಬರತೊಡಗಿತು. ನಾನು ಓಂಕಾಳಿನ ಕಷಾಯ ಮಾಡಿ ಕುಡಿಸಿದೆ. ಓಂಕಾಳಿನಿಂದ ಹೋಗುವ ನೋವಲ್ಲ ಅದು ಎಂದು ಮನಸ್ಸಿನ ಒಂದು ಮೂಲೆಗೆ ಗೊತ್ತಿತ್ತು. ಗೊತ್ತಿದ್ದೂ ಕಷಾಯವನ್ನೇ ಕುಡಿಸಿದೆ.

ಆಗ ನನ್ನ ಅಣ್ಣಯ್ಯ ನಡುವೆ ಬಂದ. ನಾಲ್ಕು ಕಡೆ ನ್ಯಾಯ ಹೇಳಿ ಅಭ್ಯಾಸ ಇದ್ದವನು. ನಿಮ್ಮ ಅಪ್ಪ ಅಮ್ಮ ಇಬ್ಬರನ್ನೂ ತನ್ನ ಮನೆಯಲ್ಲಿ ಕೂರಿಸಿ, ತಿಂಡಿ ತಿನ್ನಿಸಿ, ಆಮೇಲೆ ಮಾತು ತೆಗೆದ. ಲೋಹಿತನದು ಆರು ಎಕರೆ ಕಾಫಿ ತೋಟ, ಕೈಗೆ ದುಡ್ಡು ಬರುವುದು ವರ್ಷಕ್ಕೆ ಒಂದೇ ಸಲ. ತಿಂಗಳು ತಿಂಗಳು ಬೂಟಿಗೆ, ಬಸ್ಸಿಗೆ ಎಂದರೆ ಅವನಿಗೂ ಕಷ್ಟ, ಇವಳಿಗೂ ಅವನ ಲೆಕ್ಕದ ಮೇಲೆ ನಂಬಿಕೆಯಿಲ್ಲ. ನಮ್ಮಲ್ಲಿ ಹಿಂದೆ ಮಗಳಿಗೆ ಒಂದು ಹಲಸಿನ ಮರವನ್ನೋ ನಾಲ್ಕು ಕಿತ್ತಳೆ ಗಿಡವನ್ನೋ ಬಿಟ್ಟುಕೊಡುವುದಿತ್ತು. ಮರ ತವರಿನದು, ಫಲ ಅವಳದು. ಅಣ್ಣಯ್ಯ ಅದನ್ನೇ ನೆನಪು ಮಾಡಿದ.

“ರೂಪಾಯಿ ಮಾತು ಬಿಡ್ರಪ್ಪ. ಬೇಲಿ ಪಕ್ಕ ಸಿಲ್ವರ್ ಮರದ ಸಾಲು ಐತಲ್ಲ, ಹದಿನಾರು ಮರ. ಅದಕ್ಕೆ ಹಬ್ಬಿರೋ ಮೆಣಸು ಮಕ್ಕಳ ಆಟ ಪಾಟಕ್ಕೆ. ಬೆಳೆ ಹೆಚ್ಚಾದ್ರೂ ಮಕ್ಕಳದ್ದು, ಕಮ್ಮಿಯಾದ್ರೂ ಮಕ್ಕಳದ್ದು. ಇನ್ಮೇಲೆ ಫೋನಿಲ್ಲ, ಗಲಾಟೆ ಇಲ್ಲ. ಏನಂತೀಯ ಲೋಹಿತ?”

“ಆಯ್ತು ಮಾವ. ಬರ್ಕೊಡ್ತೀನಿ.”

ಛಾಪಾ ಕಾಗದದಲ್ಲಿ ಬರೆದರು. ಬೇಲಿ ಯಾವ ದಿಕ್ಕು, ಮರ ಎಷ್ಟು, ಎಲ್ಲ ಬರೆದರು. ಬಳ್ಳಿಯಿಂದ ಮೆಣಸನ್ನು ಯಾರು ಕೊಯ್ಯಬೇಕು ಎಂದು ಮಾತ್ರ ಬರೆಯಲಿಲ್ಲ. ಅಲ್ಲಿ ಕೂತವರೆಲ್ಲ ತೋಟದವರೇ. ತೋಟ ಇದ್ದವನು ಕೊಯ್ದು, ಒಣಗಿಸಿ ಕೊಡುತ್ತಾನೆ, ಅದನ್ನೂ ಬರೆಯಬೇಕೇ ಎಂದು ನಾವೆಲ್ಲ ಅಂದುಕೊಂಡೆವು. ಹೊರಗಿನವರೊಬ್ಬರು ಇದ್ದಿದ್ದರೆ ಕೇಳುತ್ತಿದ್ದರು.

ಮೊದಲ ವರ್ಷ ಮೂಟೆ ಮನೆಗೆ ಬಂತು. ಮೆಣಸು ಮಾರಿದ ದುಡ್ಡಿನಲ್ಲಿ ಧನ್ಯಾಗೆ ಬೂಟು, ಹೊಸ ಸ್ಟಿಕ್ಕು, ತೇಜುವಿಗೆ ವರ್ಷದ ಡ್ರಾಯಿಂಗ್ ಕ್ಲಾಸು ಆಯಿತು. ಆ ವರ್ಷ ಭಾನುವಾರದ ಹೊಟ್ಟೆನೋವು ಇರಲಿಲ್ಲ. ಎರಡನೆಯ ವರ್ಷ ಧನ್ಯಾಳನ್ನು ಹಾಕಿಯ ಬೇಸಿಗೆ ಕ್ಯಾಂಪಿಗೆ ಆರಿಸಿದರು. ಜಿಲ್ಲೆಯ ಬೇರೆ ಬೇರೆ ಶಾಲೆಗಳಿಂದ ಬಂದ ಮಕ್ಕಳ ನಡುವೆ ನಮ್ಮ ಕಡೆಯವಳು ಅವಳೊಬ್ಬಳೇ. ಒಂದು ತಿಂಗಳು ಅಲ್ಲೇ ಉಳಿಯಬೇಕು, ಮಾರ್ಚ್ ಮುಗಿಯುವುದರೊಳಗೆ ದುಡ್ಡು ಕಟ್ಟಬೇಕು, ಕಟ್ಟದಿದ್ದರೆ ಜಾಗ ಮುಂದಿನ ಹುಡುಗಿಗೆ ಹೋಗುತ್ತದೆ ಎಂದು ಮೇಷ್ಟ್ರು ಮನೆಗೇ ಬಂದು ಹೇಳಿದರು. ನಿಮ್ಮ ಅಮ್ಮ ಲೋಹಿತನಿಗೆ ಮೆಣಸು ಯಾವಾಗ ಕೊಯ್ಯಿಸುತ್ತೀಯ ಎಂದು ಕೇಳಿದಳು.

“ಆಳು ಸಿಗಲ್ಲ ಸವಿತಾ ಈ ವರ್ಷ. ಫಲ ನಿಮ್ಮದು ಅಂತ ತಾನೇ ಬರ್ದಿರೋದು? ನೀವೇ ಬಂದು ಕುಯ್ಕೊಳ್ಳಿ. ನಾನು ಬೇಡ ಅನ್ನಲ್ಲ.”

ಬಿಟ್ಟು ಬಂದ ಗಂಡನ ತೋಟಕ್ಕೆ ಹೋಗಿ ಹೆಂಡತಿ ಮೆಣಸು ಕೊಯ್ಯುವುದು. ಅವಳು ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅದಕ್ಕೇ ಹಾಗೆ ಹೇಳಿದ. ನಿಮ್ಮ ಅಮ್ಮ ರಾತ್ರಿಯಿಡೀ ಅತ್ತು ಬೆಳಿಗ್ಗೆ ‘ಹೋಗೋಣ ನಡಿಯಮ್ಮ’ ಎಂದಳು. ಭಾನುವಾರ ಇಬ್ಬರು ಆಳುಗಳನ್ನು ಗೊತ್ತು ಮಾಡಿಕೊಂಡು, ಚೀಲ, ತಾಡಪಾಲು ಕಟ್ಟಿಕೊಂಡು, ನಿಮ್ಮಿಬ್ಬರನ್ನೂ ಕರೆದುಕೊಂಡು ಜೀಪಿನಲ್ಲಿ ಹೋದೆವು. ನಾನು ಬುತ್ತಿಗೆ ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿದ್ದೆ. ಆ ಮನೆಯ ನೀರೂ ಕುಡಿಯಬಾರದೆಂದು ನೀರನ್ನೂ ಒಯ್ದಿದ್ದೆ.

ಬೇಲಿ ದಾಟುವಾಗಲೇ ಮರಕ್ಕೆ ಬಿದಿರಿನ ಏಣಿ ಒರಗಿಸಿದ್ದು ಕಂಡಿತು. ನಾಲ್ಕು ಜನ ಮೆಣಸು ಕೊಯ್ಯುತ್ತಿದ್ದರು. ನಾಲ್ಕು ಮರ ಖಾಲಿಯಾಗಿ, ಐದನೆಯದಕ್ಕೆ ಏಣಿ ಬಂದಿತ್ತು. ಮೊದಲು ನನಗೆ ಖುಷಿಯಾಯಿತು. ಲೋಹಿತ ಮನಸ್ಸು ಬದಲಾಯಿಸಿ ಆಳು ಬಿಟ್ಟಿದ್ದಾನೆ ಎಂದುಕೊಂಡೆ. ಆಗ ಕೆಳಗೆ ಚೀಲದ ಹತ್ತಿರ ನಿಂತಿದ್ದವರು ಮುಂದೆ ಬಂದರು. ತೋಟಗಳ ಮೆಣಸನ್ನು ಬಳ್ಳಿಯ ಮೇಲೇ ಗುತ್ತಿಗೆ ಹಿಡಿಯುವ ಮಲಯಾಳಿ ವ್ಯಾಪಾರಿ. ಆ ಕಡೆ ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು.

“ಎಂತಮ್ಮ, ಚೀಲ ಎಲ್ಲ ಹಿಡ್ಕೊಂಡು ಬಂದಿದ್ದು? ಇದು ನಾನು ಗುತ್ತಿಗೆ ಹಿಡಿದ ತೋಟ.”

“ಈ ಸಾಲು ಮಕ್ಕಳದು ಕಾಕ,” ಎಂದಳು ನಿಮ್ಮ ಅಮ್ಮ. “ಹದಿನಾರು ಮರ.”

“ನನಗೆ ಯಾರೂ ಹೇಳ್ಲಿಲ್ಲ. ತೋಟ ಸುತ್ತು ಹಾಕಿಸಿ, ಎಲ್ಲಾ ಬಳ್ಳಿಯೂ ನಿಮ್ದೇ ಅಂತ ಲೋಹಿತ್ ಹೇಳಿದ್ದು. ಡಿಸೆಂಬರಲ್ಲೇ ದುಡ್ಡು ಕೊಟ್ಟಾಯ್ತು. ನಾನು ಎಂತ ಮಾಡುದು ಹೇಳಿ.”

ಡಿಸೆಂಬರಿನಲ್ಲೇ. ಅಂದರೆ ನೀವೇ ಬಂದು ಕೊಯ್ದುಕೊಳ್ಳಿ ಎಂದು ಫೋನಿನಲ್ಲಿ ಹೇಳುವಾಗ ಮಕ್ಕಳ ಮೆಣಸು ಮಾರಿ ಎರಡು ತಿಂಗಳಾಗಿತ್ತು. ನಾವು ಬರುವುದಿಲ್ಲ, ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದ. ಆವತ್ತು ಏನೂ ಯೋಚಿಸಲಿಲ್ಲ. ಹೋಗಿ ಐದನೆಯ ಮರದ ಬುಡದಲ್ಲಿ, ಏಣಿಯ ಕಾಲಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ಮೇಲಿದ್ದ ಆಳು ‘ಅಜ್ಜಿ, ನಾನು ಇಳೀಬೇಕು’ ಎಂದ. ಅವನು ಇಳಿಯುವವರೆಗೆ ಸರಿದು, ಮತ್ತೆ ಅಲ್ಲೇ ಕೂತೆ. ಕಾಕ ಲೋಹಿತನಿಗೆ ಫೋನ್ ಮಾಡಿದರು.

ಲೋಹಿತ ಬಂದ, ಹಿಂದೆಯೇ ಅವನ ಅಮ್ಮ ಬಂದರು. ನನ್ನನ್ನು ನೆಲದ ಮೇಲೆ ನೋಡಿ ಕಾವೇರಮ್ಮನಿಗೆ ನಾಚಿಕೆಯಾಯಿತೋ ಸಿಟ್ಟು ಬಂತೋ ಗೊತ್ತಿಲ್ಲ.

“ಏಳಿ ಬೀಗ್ರೇ. ಆಳುಗಳ ಮುಂದೆ ಏನಿದು? ಮನೇಗೆ ಬಂದಿದ್ರೆ ಒಂದು ಲೋಟ ಕಾಫಿ ಕುಡ್ಕೊಂಡು ಮಾತಾಡ್ಬೋದಿತ್ತು.”

ಲೋಹಿತ ನನ್ನ ಕಡೆ ನೋಡಲೇ ಇಲ್ಲ. ನಿಮ್ಮ ಅಮ್ಮನ ಕಡೆಯೂ ನೋಡಲಿಲ್ಲ. ಧನ್ಯಾಳ ಮುಂದೆ ಹೋಗಿ, ಮಂಡಿಯೂರಿ ಕೂತು, ಜೇಬಿನಿಂದ ಪರ್ಸು ತೆಗೆದ.

“ಪುಟ್ಟಾ, ಕ್ಯಾಂಪಿಗೆ ಎಷ್ಟು ಬೇಕು? ಅಪ್ಪನ್ನ ಕೇಳು. ನೀನು ಬಾಯ್ಬಿಟ್ಟು ಕೇಳಿದ್ರೆ ಈಗ್ಲೇ ಕೊಡ್ತೀನಿ. ಇವರ್ಯಾರೂ ಮಧ್ಯ ಬರೋದು ಬೇಡ. ಕೇಳು.”

ನಾಲ್ಕು ಆಳುಗಳು, ಕಾಕ, ನಾವು ಕರೆದುಕೊಂಡು ಹೋದ ಇಬ್ಬರು, ಎಲ್ಲರೂ ಆ ಹುಡುಗಿಯ ಬಾಯಿ ನೋಡುತ್ತಾ ನಿಂತರು. ಕಾವೇರಮ್ಮ ‘ಕೇಳು ಮಗಾ, ಅಪ್ಪ ತಾನೇ’ ಎಂದರು. ನಿಮ್ಮ ಅಮ್ಮ, ಅಷ್ಟೆಲ್ಲ ಮಾನ ಬಿಟ್ಟು ಅಲ್ಲಿಗೆ ಬಂದವಳು, ಅವಳೂ ಹಿಂದಿನಿಂದ ‘ಕೇಳ್ಬಿಡೇ, ಕೇಳ್ಬಿಡು’ ಎಂದು ಪಿಸುಗುಟ್ಟಿದಳು. ಧನ್ಯಾ ತಲೆ ತಗ್ಗಿಸಿ, ಬೂಟಿನ ತುದಿಯಿಂದ ಒಣಗಿದ ಎಲೆಯನ್ನು ತಿರುವುತ್ತಿದ್ದಳು. ಬರೆದು ಕೊಟ್ಟಿದ್ದನ್ನು ಮಾರಿಕೊಂಡವನು ಇವನು. ಬೇಡಬೇಕಾದವಳು ಆ ಮಗು. ಇದು ಯಾವ ಊರ ನ್ಯಾಯ? ನನ್ನ ಬಾಯಿಂದ ಮಾತು ಹೇಗೆ ಬಂತೋ ನನಗೇ ಗೊತ್ತಿಲ್ಲ.

“ಅವಳು ಕೇಳಲ್ಲ ಲೋಹಿತಪ್ಪ.”

“ಅತ್ತೆ, ನೀವು ಸುಮ್ನಿರಿ. ನಾನು ನನ್ ಮಗಳ ಹತ್ರ ಮಾತಾಡ್ತಿರೋದು.”

“ಪರ್ಸು ಒಳಗಿಡು. ನಿನ್ ದುಡ್ಡು ಯಾರೂ ಕೇಳ್ತಾ ಇಲ್ಲ. ಈ ಮೆಣಸು ಅವಳದು. ಅವಳ ಮೆಣಸು ಮಾರ್ಕೊಂಡು, ಅವಳ ದುಡ್ಡನ್ನೇ ಅವಳ ಕೈಲಿ ಬೇಡುಸ್ತೀಯಾ? ಎಲ್ಲಾರ ಮುಂದೆ?”

“ಮದ್ವೆಯಾಗಿ ಇಷ್ಟು ವರ್ಷದಲ್ಲಿ ನೀವು ನನ್ ಹತ್ರ ಇಷ್ಟು ಮಾತಾಡಿರ್ಲಿಲ್ಲ ಅತ್ತೆ.”

“ಆಡ್ಬೇಕಿತ್ತು. ತಪ್ಪಾಯ್ತು.”

ಕಾಕ ಉಟ್ಟಿದ್ದ ಮುಂಡಿನ ತುದಿಯಿಂದ ಮುಖ ಒರೆಸಿಕೊಂಡು, ‘ಲೋಹಿತ್, ಈ ಸಾಲು ನಾನು ಮುಟ್ಟುದಿಲ್ಲ. ಕೊಯ್ದದ್ದನ್ನೂ ಇಲ್ಲೇ ಬಿಡ್ತೇನೆ. ಹದಿನಾರು ಬಳ್ಳಿಯದು ನೀವು ನನಗೆ ವಾಪಸ್ ಕೊಡಿ, ಆಯ್ತಲ್ಲ’ ಎಂದರು. ಲೋಹಿತ ಎದ್ದು ಮಂಡಿಯ ಮಣ್ಣು ಕೊಡವಿಕೊಂಡು ಹೋದ. ಸಂಜೆಯವರೆಗೆ ಕೊಯ್ದೆವು. ಧನ್ಯಾ ಉದುರಿದ ಕಾಳು ಆರಿಸಿದಳು. ಅಮ್ಮ ಗೆದ್ದಳು ಎಂದು ನಿಮ್ಮ ಅಮ್ಮ ಅಣ್ಣಯ್ಯನಿಗೆ ಫೋನಿನಲ್ಲಿ ಹೇಳಿದಳು. ಗೆದ್ದದ್ದು ನನಗೇನೂ ಕಾಣಲಿಲ್ಲ. ಮೆಣಸು ಒಣಗಿತು, ಮಾರಿದೆವು, ಗಡುವಿಗೆ ಎರಡು ದಿನ ಇರುವಾಗ ದುಡ್ಡು ಕಟ್ಟಿ ಬಂದೆವು. ಧನ್ಯಾ ಕ್ಯಾಂಪಿಗೆ ಹೋದಳು.

ನನ್ನ ಸಿಟ್ಟು ಇಳಿಯಲಿಲ್ಲ. ಅವಳು ಕ್ಯಾಂಪು ಮುಗಿಸಿ ಬಂದ ಮೇಲೆ ನಾನೇ ಅಣ್ಣಯ್ಯನ ಹಿಂದೆ ಬಿದ್ದು, ಎಲ್ಲರನ್ನೂ ಸೋಮವಾರಪೇಟೆಯ ವಕೀಲರ ಹತ್ತಿರ ಕೂರಿಸಿದೆ. ಹೊಸ ಕರಾರು ಆಯಿತು. ಮೆಣಸನ್ನು ಲೋಹಿತನೇ ಕೊಯ್ಯಿಸಿ, ಒಣಗಿಸಿ, ಮಾರ್ಚ್ ಮುಗಿಯುವುದರೊಳಗೆ ಕೊಡಬೇಕು. ಬೇರೆಯವರಿಗೆ ಮಾರಿದರೆ ಆ ದಿನದ ಪೇಟೆ ಬೆಲೆ ಕಟ್ಟಿಕೊಡಬೇಕು. ವಕೀಲರು ಇಷ್ಟೇ ತಾನೇ ಎಂದರು. ನಾನು ಇನ್ನೊಂದು ಸಾಲು ಹೇಳಿದೆ: ಆಟಕ್ಕಾಗಲಿ ಪಾಠಕ್ಕಾಗಲಿ ತಂದೆಯೂ ತಾಯಿಯೂ ಒಬ್ಬರ ಹತ್ತಿರ ಒಬ್ಬರು ಕೇಳಬೇಕಾದ ದುಡ್ಡನ್ನು ಮಕ್ಕಳ ಬಾಯಲ್ಲಿ ಕೇಳಿಸಬಾರದು. ಇಂಥದ್ದನ್ನು ಯಾರೂ ಬರೆಸುವುದಿಲ್ಲಮ್ಮ ಎಂದು ಅವರು ನಕ್ಕರು. ನಾನು ಬರೆಯಿರಿ ಎಂದೆ. ಟೈಪು ಮಾಡಿಸಿ ಓದಿದರು. ಲೋಹಿತನ ಮುಖ ಕೆಂಪಾಯಿತು.

“ಏನ್ ಸಾರ್ ಇದು? ಯಾರಾದ್ರೂ ನೋಡಿದ್ರೆ ನಾನೇನೋ ಮಕ್ಕಳನ್ನ ಭಿಕ್ಷೆಗೆ ಬಿಟ್ಟಂಗೆ ಐತೆ. ಅವಳನ್ನೇ ಕೇಳಿ, ಹೊರಗೆ ಕೂತವ್ಳೆ. ಧನ್ಯಾ, ಬಾ ಇಲ್ಲಿ. ನಾನು ಯಾವತ್ತಾದ್ರೂ ನಿನ್ ಹತ್ರ ಕೇಳ್ಸಿದೀನಾ?”

ಮತ್ತೆ ಆ ಮಗುವನ್ನೇ. ನಾನು ತಡೆಯುವ ಮೊದಲು ಅವಳು ಬಾಗಿಲಲ್ಲಿ ಬಂದು ನಿಂತಿದ್ದಳು. ಹನ್ನೆರಡಾಗಿತ್ತು, ಕ್ಯಾಂಪಿನ ಬಿಸಿಲಿಗೆ ಕಪ್ಪಾಗಿದ್ದಳು. ತಲೆ ತಗ್ಗಿಸಲಿಲ್ಲ.

“ಬೂಟಿಗೆ ಎರಡ್ಸಲ ಕೇಳಿದೀನಿ. ಪ್ಯಾಡಿಗೆ ಒಂದ್ಸಲ, ನೀನು ನಾಳೆ ಅಂದೆ. ಮಡಿಕೇರಿ ಮ್ಯಾಚಿಗೆ ಒಂದ್ಸಲ. ಕ್ಯಾಂಪಿಗೆ ನೀನೇ ಕೇಳು ಅಂದೆ, ನಾನು ಕೇಳ್ಲಿಲ್ಲ.”

“ಅದು ನಿಮ್ಮಮ್ಮ ಹೇಳ್ಕೊಟ್ಟಿದ್ದು.”

“ಹೂಂ. ಎಲ್ಲಾದಕ್ಕೂ ಅಮ್ಮನೇ ಕಳ್ಸಿದ್ದು.”

ನಿಮ್ಮ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಧನ್ಯಾ ಅಲ್ಲಿಗೆ ನಿಲ್ಲಿಸಲಿಲ್ಲ.

“ಅಜ್ಜಿ ಒಂದ್ಸಲ. ಬಸ್ ಪಾಸಿಗೆ. ಅಮ್ಮಂಗೆ ಹೇಳ್ಬೇಡ ಅಂತು.”

ನಿಜ. ಹಸುವಿಗೆ ಹುಷಾರಿಲ್ಲದೆ ಹಾಲು ನಿಂತಿದ್ದ ತಿಂಗಳು. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಮಗಳ ಮುಂದೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಬಸ್‌ಸ್ಟ್ಯಾಂಡಿನವರೆಗೆ ಕೈ ಹಿಡಿದುಕೊಂಡು ಹೋಗಿ, ಬೈಕು ಬರುವ ಮುಂಚೆ ಅವಳ ಕಿವಿಯಲ್ಲಿ ಹೇಳಿದ್ದೆ. ಆ ಮರದ ಬುಡದಲ್ಲಿ ಕೂತು ‘ಬೇಡುಸ್ತೀಯಾ’ ಎಂದು ಅಷ್ಟು ಜೋರಾಗಿ ಕೇಳಿದವಳೂ ನಾನೇ.

ವಕೀಲರು ಪೆನ್ನು ಹಿಡಿದು ನಮ್ಮೆಲ್ಲರ ಮುಖ ನೋಡುತ್ತಿದ್ದರು. ತಂದೆಯೂ ತಾಯಿಯೂ ಎಂದಿರುವಲ್ಲಿ ಅಜ್ಜಿಯೂ ಎಂದು ಸೇರಿಸಿ ಎಂದೆ.

“ನೀವು ಈ ಕರಾರಿನಲ್ಲಿ ಪಾರ್ಟಿ ಅಲ್ಲಮ್ಮ.”

“ಆದ್ರೂ ಸೇರ್ಸಿ.”

ಅವರು ಟೈಪಾದ ಸಾಲಿನ ಮೇಲೆ ಗುರುತು ಹಾಕಿ, ಅಂಚಿನಲ್ಲಿ ಪೆನ್ನಿನಿಂದ ಆ ಒಂದು ಪದ ಬರೆದರು. ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ ಲೋಹಿತ ಸಹಿ ಮಾಡಿದ, ಆಮೇಲೆ ಸವಿತಾ.